ಕುಂಕುಮದ ಭರಣಿಯಲ್ಲಿ ಬಂದ ಬ್ರಿಡ್ಜ್

ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ಪುಟ್ಟ ಕುಂಕುಮದ ಭರಣಿ ತೆಗೆದರು. ಮುಚ್ಚಳ ತಿರುಗಿಸಿ ನನ್ನ ಮೇಜಿನ ಮೇಲೆ ಬೋರಲು ಹಾಕಿದರು. ಟಕ್ ಅಂತ ಬಿದ್ದದ್ದು ಮೂರು ಹಲ್ಲಿನ ಬ್ರಿಡ್ಜ್, ಅಂದರೆ ಖಾಲಿ ಜಾಗದ ಅಕ್ಕಪಕ್ಕದ ಎರಡು ಹಲ್ಲಿಗೆ ಕ್ಯಾಪ್ ಹಾಕಿ ನಡುವೆ ಒಂದು ಕಟ್ಟಿದ ಹಲ್ಲು ಸೇರಿಸಿದ್ದು. ನಾಲ್ಕು ವರ್ಷದ ಹಿಂದೆ ನಾನೇ ಕೂರಿಸಿದ್ದು.

"ನೋಡಪ್ಪಾ ಡಾಕ್ಟ್ರೇ, ನೀನು ಕೊಟ್ಟಿದ್ದನ್ನ ನಿನಗೇ ತಂದಿದೀನಿ. ಚಿನ್ನದ್ದಾಗಿದ್ರೆ ಅಡ ಆದ್ರೂ ಇಡಬಹುದಿತ್ತು" ಅಂದರು.

ಬ್ರಿಡ್ಜಿಗೆ ಏನೂ ಆಗಿರಲಿಲ್ಲ. ಪಿಂಗಾಣಿ ಎಲ್ಲೂ ಚಕ್ಕೆ ಎದ್ದಿರಲಿಲ್ಲ. ಆದರೆ ಮುಂದಿನ ಕ್ಯಾಪ್ ಒಳಗೆ ಅಜ್ಜಿಯ ಸ್ವಂತ ಹಲ್ಲಿನ ತುಂಡು ಸಿಕ್ಕಿಕೊಂಡಿತ್ತು. ಕಂದು ಬಣ್ಣ, ಸೂಜಿಯಿಂದ ಕೆರೆದರೆ ಪುಡಿಯಾಗುವಷ್ಟು ಮೆತ್ತಗೆ. ಬಾಯಲ್ಲಿ ನೋಡಿದರೆ ಆ ಹಲ್ಲು ವಸಡಿನ ಮಟ್ಟಕ್ಕೆ ಮುರಿದು ಕೂತಿತ್ತು.

ನನಗೆ ಆಶ್ಚರ್ಯ ಆಗಲಿಲ್ಲ. ನಾಚಿಕೆ ಆಯಿತು. ಯಾಕೆಂದರೆ ಬ್ರಿಡ್ಜ್ ಮಾಡಿದ ದಿನವೇ ಆ ಹಲ್ಲು ಮೋಟಾಗಿತ್ತು. ರೂಟ್ ಕೆನಾಲ್ ಆಗಿ, ಹುಳುಕು ತೆಗೆದ ಮೇಲೆ ವಸಡಿನ ಮೇಲಕ್ಕೆ ಗಟ್ಟಿ ಹಲ್ಲು ಅಂತ ಉಳಿದಿದ್ದು ಒಂದು ಮಿಲಿಮೀಟರ್ ಇದ್ದೀತು. ಮಿಕ್ಕಿದ್ದೆಲ್ಲ ನಾನು ತುಂಬಿದ ಸಿಮೆಂಟು. ಕ್ಯಾಪ್ ಹಿಡಿದುಕೊಳ್ಳೋದಕ್ಕೆ ಸುತ್ತಲೂ ಕನಿಷ್ಠ ಎರಡು ಮಿಲಿಮೀಟರ್ ಸ್ವಂತ ಹಲ್ಲು ಬೇಕು. ಪೀಪಾಯಿಗೆ ಕಬ್ಬಿಣದ ಪಟ್ಟಿ ಬಿಗಿದ ಹಾಗೆ ಕ್ಯಾಪ್ ಆ ಎರಡು ಮಿಲಿಮೀಟರನ್ನು ಸುತ್ತಿ ಹಿಡಿಯಬೇಕು. ಕಾಲೇಜಿನಲ್ಲಿ ಪರೀಕ್ಷೆಗೆ ಬರೆದು ಅಂಕ ತಗೊಂಡಿದ್ದೆ. ಆದರೆ ಅಜ್ಜಿ "ಸೆಟ್ಟು ಬೇಡ, ತೆಗೆದು ಹಾಕೋ ಕಾಟ ಬೇಡ, ಫಿಕ್ಸ್ ಮಾಡ್ಬಿಡು" ಅಂದರು, ನಾನೂ "ನೋಡೋಣ" ಅಂದುಬಿಟ್ಟೆ. ನಮ್ಮ ಕೆಲಸದಲ್ಲಿ "ನೋಡೋಣ" ಅನ್ನೋದು ಬಹಳ ದುಬಾರಿ ಮಾತು.

ತುಮಕೂರಿನ ಕಡೆ ಪ್ರಾಕ್ಟೀಸ್ ಮಾಡೋನು ನಾನು. ದಿನಾ ಒಂದಲ್ಲ ಒಂದು ಕ್ಯಾಪ್, ವಾರಕ್ಕೆ ಒಂದೆರಡು ಬ್ರಿಡ್ಜ್ ಇದ್ದೇ ಇರುತ್ತದೆ. ಬರುವವರೆಲ್ಲ ತೋರಿಸೋದು ಖಾಲಿ ಜಾಗವನ್ನ. "ಇಲ್ಲಿ ಒಂದು ಹಲ್ಲು ಕಟ್ಟಿ ಡಾಕ್ಟ್ರೇ." ನಾನೂ ಮೊದಮೊದಲು ಆ ಜಾಗವನ್ನೇ ನೋಡುತ್ತಿದ್ದೆ. ಆ ಭರಣಿ ಬಂದ ಮೇಲೆ ಅಕ್ಕಪಕ್ಕದ ಹಲ್ಲುಗಳನ್ನ ಮೊದಲು ನೋಡುತ್ತೇನೆ. ಮೂರು ಹಲ್ಲಿನ ಭಾರ ಹೊರೋದು ಆ ಎರಡೇ. 1926ರಲ್ಲೇ ಆಂಟೆ ಅನ್ನುವ ದಂತವೈದ್ಯರು ಒಂದು ಲೆಕ್ಕ ಹೇಳಿದ್ದರು: ಆಧಾರದ ಹಲ್ಲುಗಳ ಬೇರಿನ ಮೇಲ್ಮೈ, ಇಲ್ಲದಿರುವ ಹಲ್ಲಿನ ಬೇರಿನಷ್ಟಾದರೂ ಇರಬೇಕು. ಈಗ ಅದನ್ನ ಯಾರೂ ಕಲ್ಲಿನ ಮೇಲಿನ ಗೆರೆ ಅಂತ ತಗೊಳ್ಳುವುದಿಲ್ಲ. ಆದರೂ ಎಕ್ಸ್‌ರೇ ನೋಡುವಾಗ ನನ್ನ ಕಣ್ಣು ಮೊದಲು ಹೋಗೋದು ಬೇರಿಗೆ, ಬೇರಿನ ಸುತ್ತ ಉಳಿದ ಮೂಳೆಗೆ.

ಅಕ್ಕಪಕ್ಕದ ಎರಡೂ ಹಲ್ಲು ಹೊಸದರಂತೆ ಇದ್ದರೆ ನಾನೇ ಬ್ರಿಡ್ಜ್ ಬೇಡ ಅನ್ನುತ್ತೇನೆ. ಒಂದು ಹಲ್ಲಿಗೋಸ್ಕರ ಎರಡು ಒಳ್ಳೆ ಹಲ್ಲನ್ನ ಡ್ರಿಲ್ಲಿನಿಂದ ತೇಯೋದು ಯಾವ ನ್ಯಾಯ? ತೇಯ್ದ ಎನಾಮಲ್, ಹಲ್ಲಿನ ಮೇಲಿನ ಗಟ್ಟಿ ಪದರ, ಮತ್ತೆ ಬೆಳೆಯೋದಿಲ್ಲ. ಮೂಳೆ ಚೆನ್ನಾಗಿದ್ದರೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದರೆ, ಬೀಡಿ ಸಿಗರೇಟು ಇಲ್ಲದಿದ್ದರೆ ಮೂಳೆಗೆ ತಿರುಪು ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವ ಇಂಪ್ಲಾಂಟ್ ಬಗ್ಗೆ ಯೋಚನೆ ಮಾಡಿ ಅನ್ನುತ್ತೇನೆ. ಅಕ್ಕಪಕ್ಕದ ಹಲ್ಲುಗಳಿಗೂ ಹೇಗಿದ್ದರೂ ಕ್ಯಾಪ್ ಬೇಕು ಅನ್ನೋ ಹಾಗಿದ್ದರೆ ಬ್ರಿಡ್ಜ್ ಸರಿ.

ಇನ್ನೊಂದು ತೊಂದರೆ, ಹಲ್ಲು ಕೀಳಿಸಿ ಹತ್ತು ವರ್ಷ ಸುಮ್ನೆ ಇದ್ದು ಬರುವವರದ್ದು. ಅಷ್ಟರಲ್ಲಿ ಹಿಂದಿನ ದವಡೆ ಹಲ್ಲು ಖಾಲಿ ಜಾಗಕ್ಕೆ ವಾಲಿಕೊಂಡಿರುತ್ತದೆ. ಮೇಲಿನ ಹಲ್ಲು ಕೆಳಗೆ ಇಳಿದಿರುತ್ತದೆ. ಬ್ರಿಡ್ಜ್ ಒಂದೇ ದಾರಿಯಲ್ಲಿ ಕೆಳಗಿಳಿಯಬೇಕಲ್ವಾ? ಒಂದು ಕಂಬ ನೆಟ್ಟಗೆ, ಇನ್ನೊಂದು ಓರೆ ಆದರೆ ಆಗೋದಿಲ್ಲ. ಎರಡನ್ನೂ ಸಮಾನಾಂತರ ಮಾಡೋಕೆ ಹೋದರೆ ವಾಲಿದ ಹಲ್ಲಿನಲ್ಲಿ ನರದ ತನಕ ತೇಯಬೇಕಾಗುತ್ತದೆ. "ಆಗಲೇ ಬರಬಾರದಿತ್ತಾ" ಅಂದರೆ ನಮ್ಮ ಕಡೆಯವರ ಉತ್ತರ ರೆಡಿ: "ಮುದ್ದೆ ನುಂಗೋಕೆ ಹಲ್ಲು ಯಾಕೆ ಡಾಕ್ಟ್ರೇ?" ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಜವಾಬಿಲ್ಲ.

ಕ್ಯಾಪಿಗಾಗಿ ಹಲ್ಲು ತೇಯುವಾಗ ನನಗೆ ಮುಖ್ಯ ಮೂರು. ಮೇಲಿನಿಂದ ಒಂದೂವರೆಯಿಂದ ಎರಡು ಮಿಲಿಮೀಟರ್ ಜಾಗ, ಇಲ್ಲದಿದ್ದರೆ ಪಿಂಗಾಣಿ ತೆಳುವಾಗಿ ಒಡೆಯುತ್ತದೆ. ಪಕ್ಕದ ಗೋಡೆಗಳು ಸ್ವಲ್ಪವೇ ಓರೆ. ಜಾಸ್ತಿ ಓರೆ ಮಾಡಿದರೆ ಹಲ್ಲು ಐಸ್‌ಕ್ರೀಂ ಕೋನಿನ ಹಾಗಾಗಿ ಕ್ಯಾಪ್ ಕಳಚುತ್ತದೆ. ಮೂರನೆಯದು ಅಂಚು. ಕ್ಯಾಪ್ ಬಂದು ಹಲ್ಲಿಗೆ ಸೇರುವ ಗೆರೆ ಅದು. ಹುಳುಕು ಮತ್ತೆ ನುಗ್ಗೋದು ಅಲ್ಲಿಂದಲೇ. ಅಂಚು ತೇಯೋದಕ್ಕೆ ನಾನು ಡ್ರಿಲ್ಲಿನ ವೇಗ ತಗ್ಗಿಸಿ, ಅದರ ತುದಿಯ ಬರ್ ಬದಲಾಯಿಸಿ, ಲೂಪ್ ಅನ್ನೋ ಭೂತಕನ್ನಡಿ ಕಣ್ಣಿಗೆ ಇಳಿಸಿ ಕೂರುತ್ತೇನೆ. ಬೇರೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯೋದು ಅದೇ. ಹೊರಗೆ ಕಾಯುತ್ತಿರುವವರು ಬಾಗಿಲು ತಳ್ಳಿ ಇಣುಕಲಿ, ನಾನು ಎದ್ದೇಳುವುದಿಲ್ಲ.

ಆಮೇಲೆ ಅಳತೆ, ಅಂದರೆ ಹಲ್ಲಿನ ಅಚ್ಚು. ವಸಡಿನ ಸಂದಿಯಲ್ಲಿ ತೆಳ್ಳನೆ ದಾರ ತುರುಕಿ ಐದು ನಿಮಿಷ ಬಿಟ್ಟರೆ ವಸಡು ಸ್ವಲ್ಪ ಸರಿದು ಅಂಚು ಕಾಣಿಸುತ್ತದೆ. ರಕ್ತ ಬರುತ್ತಿದ್ದರೆ ಅವತ್ತು ಅಳತೆ ತೆಗೆಯುವುದೇ ಇಲ್ಲ, ವಾರ ಬಿಟ್ಟು ಬನ್ನಿ ಅನ್ನುತ್ತೇನೆ. ಮೊದಲು ಪುಟ್ಟಿ ಹಾಕಿ ತೆಗೆದ ಅಳತೆಯನ್ನ ಡಬ್ಬಿಯಲ್ಲಿಟ್ಟು ಬೆಂಗಳೂರಿನ ಲ್ಯಾಬಿಗೆ ಪಾರ್ಸಲ್ ಮಾಡುತ್ತಿದ್ದೆ. ಈಗ ಬಾಯೊಳಗೆ ಕ್ಯಾಮೆರಾ ಹಿಡಿದು ಅಳತೆ ತೆಗೆಯುವ ಸ್ಕ್ಯಾನರ್ ಇದೆ, ಫೈಲು ಹೋಗುತ್ತದೆ. ಆದರೆ ಕ್ಯಾಮೆರಾ ಕಾಣದ ಅಂಚನ್ನು ಊಹೆ ಮಾಡೋದಿಲ್ಲ. ಪುಟ್ಟಿಯಾದರೂ ಅಷ್ಟೇ, ಸ್ಕ್ಯಾನರ್ ಆದರೂ ಅಷ್ಟೇ.

ಲ್ಯಾಬಿನಿಂದ ಹಲ್ಲು ಬರೋ ತನಕ ಅಕ್ರಿಲಿಕ್ಕಿನ ತಾತ್ಕಾಲಿಕ ಕ್ಯಾಪ್. ಅದನ್ನ ಅಂಟಿಸುವ ಸಿಮೆಂಟಿನಲ್ಲಿ ಲವಂಗದಲ್ಲಿರುವ ಯುಜಿನಾಲ್ ಇರುತ್ತದೆ. ಕ್ಲಿನಿಕ್ಕಿಗೆ ಕಾಲಿಟ್ಟವರಿಗೆಲ್ಲ ಪಲಾವಿನ ನೆನಪು.

ಯಾವ ಕ್ಯಾಪ್ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಜಿರ್ಕೋನಿಯಾ ಅನ್ನೋ ಬಿಳಿ ಸೆರಾಮಿಕ್ ಗಟ್ಟಿ, ಬಣ್ಣ ಚೆಂದ, ವಸಡಿನ ಹತ್ತಿರ ಕಪ್ಪು ಗೆರೆ ಕಾಣೋದಿಲ್ಲ, ದುಡ್ಡು ಜಾಸ್ತಿ. ಲೋಹದ ಮೇಲೆ ಪಿಂಗಾಣಿ ಹಚ್ಚಿದ್ದು ಬಹಳ ಕಾಲದಿಂದ ನಡೆದು ಬಂದದ್ದು. ನನ್ನ ಸ್ವಂತ ಬಾಯಲ್ಲಿ, ಕೊನೆಯ ದವಡೆ ಹಲ್ಲಿಗೆ, ಪೂರ್ತಿ ಲೋಹದ ಕ್ಯಾಪ್ ಇದೆ. ಹಲ್ಲು ತೇಯಬೇಕಾದ್ದು ಕಡಿಮೆ, ಒಡೆಯೋ ಮಾತಿಲ್ಲ, ಬೆಲೆಯೂ ಕಡಿಮೆ. ಹೇಳಿದರೆ ಯಾರೂ ಒಪ್ಪೋದಿಲ್ಲ, "ಬೆಳ್ಳಿ ಹಲ್ಲು ಬೇಡ" ಅನ್ನುತ್ತಾರೆ. ನಿಕಲ್ ಇರುವ ಲೋಹವಾದರೆ ಒಂದು ಪ್ರಶ್ನೆ ಮಾತ್ರ ಮರೆಯದೆ ಕೇಳುತ್ತೇನೆ: "ರೋಲ್ಡ್ ಗೋಲ್ಡ್ ಓಲೆ ಹಾಕಿಕೊಂಡರೆ ಕಿವಿ ತುರಿಸುತ್ತಾ?" ಹೌದು ಅಂದರೆ ಅವರಿಗೆ ನಿಕಲ್ ಆಗಿಬರಲಿಕ್ಕಿಲ್ಲ, ಆ ಲೋಹದ ತಂಟೆಗೇ ಹೋಗುವುದಿಲ್ಲ.

ಬಣ್ಣದ ವಿಷಯದಲ್ಲಿ ನಾನು ಕಲಿತದ್ದು ಪಾವಗಡದ ಒಬ್ಬ ಹುಡುಗನಿಂದ. ಬೈಕಿನಿಂದ ಬಿದ್ದು ಮುಂದಿನ ಹಲ್ಲು ಅರ್ಧ ಮುರಿದಿತ್ತು. ಆ ಸೀಮೆಯ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅಲ್ಲಿ ಹುಟ್ಟಿ ಬೆಳೆದ ಎಷ್ಟೋ ಜನರ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಮಚ್ಚೆ, ಅದರ ಮೇಲೆ ಕಂದು ಪಟ್ಟಿ. ನಾನು ಹಲ್ಲಿನ ಹದಿನಾರು ಮಾದರಿ ಬಣ್ಣಗಳ ಪಟ್ಟಿ ಹಿಡಿದು, ಅದರಲ್ಲಿ ಹತ್ತಿರವಾದದ್ದನ್ನ ಆರಿಸಿ ಲ್ಯಾಬಿಗೆ ಬರೆದೆ. ಬಂದ ಕ್ಯಾಪ್ ಬಹಳ ಚೆನ್ನಾಗಿತ್ತು. ಅದೇ ಅದರ ತಪ್ಪು. ಹುಡುಗ ಕನ್ನಡಿ ನೋಡಿ, "ಸಾರ್, ಇದೊಂದೇ ಬೇರೆ ಊರಿನ ಹಲ್ಲು ಇದ್ದಂಗೆ ಐತೆ" ಅಂದ. ವಾಪಸ್ ಕಳಿಸಿದೆ. ಪಕ್ಕದ ಹಲ್ಲಿನ ಫೋಟೋ ತೆಗೆದು, ಯಾವ ಮಚ್ಚೆ ಎಲ್ಲಿ, ಕಂದು ಎಷ್ಟು ಅಂತ ಕಾಗದದ ಮೇಲೆ ಹಲ್ಲಿನ ಚಿತ್ರ ಬರೆದು ಕೊಟ್ಟೆ. ಎರಡನೇ ಸಲ ಬಂದದ್ದನ್ನ ಹಾಕಿದಾಗ ಯಾವುದು ಕ್ಯಾಪ್ ಅಂತ ನನ್ನ ಅಸಿಸ್ಟೆಂಟಿಗೇ ಗೊತ್ತಾಗಲಿಲ್ಲ. ಈಗ ಬಣ್ಣ ನೋಡೋದು ಕಿಟಕಿ ಪಕ್ಕ, ಹಗಲು ಬೆಳಕಿನಲ್ಲಿ, ಕೆಲಸ ಶುರು ಮಾಡೋ ಮೊದಲು. ಬಾಯಿ ತೆರೆದು ಹಲ್ಲು ಒಣಗಿದರೆ ಇನ್ನೂ ಬಿಳಿ ಕಾಣುತ್ತದೆ, ಮೋಸ ಹೋಗುತ್ತೇವೆ.

ಕ್ಯಾಪ್ ಕೂರಿಸುವ ದಿನ ಆದಷ್ಟೂ ಇಂಜೆಕ್ಷನ್ ಕೊಡುವುದಿಲ್ಲ. ಬಾಯಿ ಮರಗಟ್ಟಿದ್ದರೆ ಎಲ್ಲರೂ "ಸರಿಯಾಗಿದೆ" ಅನ್ನುತ್ತಾರೆ, ಮಾರನೇ ದಿನ ದವಡೆ ಹಿಡಿದುಕೊಂಡು ಬರುತ್ತಾರೆ. ನೀಲಿ ಕಾಗದ ಕಚ್ಚಿಸಿ ಎಲ್ಲಿ ಗುರುತು ಬಿತ್ತು ನೋಡುತ್ತೇನೆ. ಆದರೆ ಕಾಗದಕ್ಕಿಂತ ಪೇಷೆಂಟ್ ಮಾತು ಮೇಲು. "ಅನ್ನದಲ್ಲಿ ಕಲ್ಲು ಸಿಕ್ಕಂಗೆ" ಅಂದರೆ ಇನ್ನೂ ಎತ್ತರ ಇದೆ ಅಂತಲೇ ಅರ್ಥ. ಸಿಮೆಂಟ್ ಗಟ್ಟಿಯಾದ ಮೇಲೆ ಅಂಚಿನ ಸುತ್ತ ಉಳಿದ ಚೂರುಗಳನ್ನ ಒಂದೂ ಬಿಡದೆ ಎಬ್ಬಿಸಬೇಕು. ವಸಡಿನ ಕೆಳಗೆ ಸಾಸಿವೆಯಷ್ಟು ಉಳಿದರೂ ತಿಂಗಳಲ್ಲಿ ಊತ.

ಮತ್ತೆ ಅಜ್ಜಿಯ ವಿಷಯಕ್ಕೆ. ಮೋಟು ಬೇರನ್ನ ಕಿತ್ತೆ. ಈ ಸಲ ಅದರ ಮುಂದಿನ ಹಲ್ಲು, ಕೋರೆ ಹಲ್ಲು, ಹಿಂದಿನ ದವಡೆ ಹಲ್ಲು ಎಲ್ಲ ಸೇರಿಸಿ ಉದ್ದ ಬ್ರಿಡ್ಜ್ ಮಾಡಬಹುದಿತ್ತು. ಮಾಡಲಿಲ್ಲ. ಇಂಪ್ಲಾಂಟಿಗೆ ಅಜ್ಜಿ ಒಪ್ಪಲಿಲ್ಲ. "ಮೂಳೆಗೆ ಮೊಳೆ ಹೊಡೀತೀಯಾ?" ಅಂದರು. ಕೊನೆಗೆ ಕೆಳಗಿನ ಆ ಎರಡು ಹಲ್ಲಿಗೆ ತೆಗೆದು ಹಾಕುವ ಸಣ್ಣ ಸೆಟ್ಟು. ಯಾವುದನ್ನ ಬೇಡ ಅಂದಿದ್ದರೋ ಅದೇ. ಹಳೇ ಬ್ರಿಡ್ಜಿನ ದುಡ್ಡನ್ನ ಇದರಲ್ಲಿ ವಜಾ ಮಾಡಿಕೊಂಡೆ.

ಅವರ ಬಾಯಲ್ಲಿ ಇನ್ನೊಂದು ಬ್ರಿಡ್ಜ್ ಇದೆ, ಮೇಲಿನ ಎಡಕ್ಕೆ. ಅದು ಬೇರೆ ಡಾಕ್ಟರು ಮಾಡಿದ್ದು, ಹನ್ನೆರಡು ವರ್ಷ ಆಗಿದೆ. ನಡುವಿನ ಹಲ್ಲಿಗೂ ವಸಡಿಗೂ ಮಧ್ಯದ ಸಂದಿಯಲ್ಲಿ ಪಾಚಿ ಕಟ್ಟಿತ್ತು. ಅವತ್ತು ಅದನ್ನ ತೊಳೆದು, ಸೂಪರ್ ಫ್ಲಾಸ್ ಅಂತ ಸಿಗುವ ದಾರ ಕೊಟ್ಟು ತೋರಿಸಿದೆ. ಅದರ ಒಂದು ತುದಿ ಗಟ್ಟಿ, ಸೂಜಿಯ ಹಾಗೆ ಸಂದಿಯೊಳಗೆ ತೂರಿಸಿ, ನಡುವಿನ ಉಬ್ಬಿದ ಭಾಗವನ್ನ ಹಿಂದೆ ಮುಂದೆ ಎಳೆಯಬೇಕು. ನನ್ನ ಪೇಷೆಂಟುಗಳಲ್ಲಿ ಅರ್ಧ ಜನ ಇದನ್ನ ಕಲಿಯೋದಕ್ಕೆ ಒದ್ದಾಡುತ್ತಾರೆ. ಅಜ್ಜಿ ಕನ್ನಡಿಯನ್ನೂ ನೋಡದೆ ಒಂದೇ ಸಲಕ್ಕೆ ತೂರಿಸಿ ಆ ಕಡೆಯಿಂದ ಎಳೆದರು.

"ಅರವತ್ತು ವರ್ಷ ಹೂ ಪೋಣಿಸಿದೀನಿ, ಇದೇನು ಮಹಾ" ಅಂದು, ಖಾಲಿ ಭರಣಿಯಲ್ಲಿ ಆ ದಾರ ಸುತ್ತಿಟ್ಟುಕೊಂಡು ಮತ್ತೆ ಸೆರಗಿಗೆ ಗಂಟು ಹಾಕಿದರು.