ತಲೆಕೆಳಗಾದ ಚಾಮುಂಡಿ ಬೆಟ್ಟ

ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ಗೋಪುರ ಗೋಡೆ ಮೇಲೆ ತಲೆಕೆಳಗಾಗಿ ಬೀಳುವುದನ್ನು ನೀವೂ ನೋಡಿರುತ್ತೀರಿ. ಕತ್ತಲ ಕೋಣೆ, ಒಂದು ಸಣ್ಣ ಕಿಂಡಿ, ಅಷ್ಟೇ. ಮೈಸೂರಿನ ಇಟ್ಟಿಗೆಗೂಡಿನ ನಮ್ಮ ಮಹಡಿ ಕೋಣೆಯಲ್ಲಿ ನಾನು ಮಾಡಿದ್ದೂ ಅದನ್ನೇ. ಗೋಪುರದ ಬದಲು ಚಾಮುಂಡಿ ಬೆಟ್ಟ.

ಈ ಹುಚ್ಚು ಹತ್ತಿಸಿದ್ದು ಅಬೆಲಾರ್ಡೊ ಮೊರೆಲ್. 1948ರಲ್ಲಿ ಹವಾನಾದಲ್ಲಿ ಹುಟ್ಟಿ ಅಮೆರಿಕ ಸೇರಿದ ಫೋಟೋಗ್ರಾಫರ್. 1991ರಿಂದ ಮನೆ, ಹೋಟೆಲ್ ರೂಮುಗಳನ್ನೇ ಕ್ಯಾಮೆರಾ ಮಾಡಿಕೊಂಡು, ಹೊರಗಿನ ಊರು ಒಳಗಿನ ಮಂಚ, ಕುರ್ಚಿಗಳ ಮೇಲೆ ಬಿದ್ದಿದ್ದನ್ನು ಸೆರೆಹಿಡಿದವರು. ಫಿಲ್ಮ್ ಕಾಲದಲ್ಲಿ ಒಂದು ಚಿತ್ರಕ್ಕೆ 5ರಿಂದ 10 ಗಂಟೆ ಹಿಡಿಯುತ್ತಿತ್ತು.

ಕಿಟಕಿ ಮುಚ್ಚಲು ತೋಟಕ್ಕೆ ಹಾಸುವ ಮಲ್ಚಿಂಗ್ ಶೀಟ್ ತಂದೆ. ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಬೆಳ್ಳಿ ಬಣ್ಣ ಹೊರಕ್ಕೆ, ಕಪ್ಪು ಒಳಕ್ಕೆ, ಸೆಕೆಯೂ ಕಡಿಮೆ. ವೆಂಟಿಲೇಟರ್ ಮರೀಬೇಡಿ. ಬಾಗಿಲ ಸಂದಿಗೆ ಹಳೇ ಟವೆಲ್ ಸಾಕು.

ಶೀಟಿನಲ್ಲಿ ಒಂದು ಸೆಂಟಿಮೀಟರ್ ತೂತು ಕೊರೆದರೆ ಎದುರು ಗೋಡೆ ಮೇಲೆ ಚಿತ್ರ ಬರುತ್ತದೆ, ಆದರೆ ಮಂಕು. ಕನ್ನಡಕದ ಅಂಗಡಿಯಲ್ಲಿ ಪ್ಲಸ್ 0.25 ಪವರ್‌ನ, ಕತ್ತರಿಸದ ಗಾಜು ಕೇಳಿ. 'ಇಷ್ಟಕ್ಕೆಲ್ಲಾ ಕನ್ನಡಕ ಬೇಕಾ ಸಾರ್?' ಅಂತಾರೆ, ಸುಮ್ನೆ ನಕ್ಕುಬಿಡಿ. ಅದರ ಫೋಕಸ್ ನಾಲ್ಕು ಮೀಟರ್‌ಗೆ, ಅಂದರೆ 13 ಅಡಿ ಕೋಣೆಗೆ ಹೇಳಿ ಮಾಡಿಸಿದ ಹಾಗೆ. ಶೀಟಿನ ತೂತು ದೊಡ್ಡದು ಮಾಡಿ ಗಾಜು ಕೂರಿಸಿ, ಅದರ ಮುಂದೆ ಮೂರು ಸೆಂಟಿಮೀಟರ್ ತೂತಿನ ರಟ್ಟು ಇಟ್ಟರೆ ಬೆಳಕು ಒಂಬತ್ತು ಪಟ್ಟು ಜಾಸ್ತಿ. ಬರೀ ತೂತಿದ್ದಾಗ ಡಿಜಿಟಲ್ ಕ್ಯಾಮೆರಾದಲ್ಲಿ ಎಫ್8 (ಲೆನ್ಸ್ ಬಾಯಿಯ ಅಳತೆ), ಐಎಸ್ಒ 400ಕ್ಕೆ (ಬೆಳಕಿಗೆ ಸ್ಪಂದಿಸುವ ಮಟ್ಟ) ಐದಾರು ನಿಮಿಷ ಬೇಕಾದ ಚಿತ್ರ ಈಗ ಒಂದು ನಿಮಿಷದೊಳಗೆ ಮುಗಿಯುತ್ತದೆ.

ನಮ್ಮ ಕಡೆಯಿಂದ ಮಧ್ಯಾಹ್ನದ ಮೇಲೆ ಬಿಸಿಲು ಬೆಟ್ಟದ ಎದುರಿಗೆ ಬೀಳುತ್ತದೆ, ಆಗಲೇ ಒಳ್ಳೇದು. ಅಷ್ಟು ದೊಡ್ಡ ಬೆಟ್ಟ ಗೋಡೆ ಮೇಲೆ ಎರಡು ಗೇಣು ಎತ್ತರವೂ ಬರೋದು ಕಷ್ಟ. ಪಕ್ಕದ ಮನೆಯ ತೆಂಗಿನ ಮರಕ್ಕೇ ದರ್ಬಾರು! ಅದರ ಬುಡ ಸೂರಿನ ಕಡೆ, ಗರಿ ಟ್ರಂಕಿನ ಮೇಲೆ. ಆಕಾಶವೆಲ್ಲ ಕೆಂಪು ನೆಲಕ್ಕೆ. ಬೀದಿ ಬೋರ್ಡಿನ ಅಕ್ಷರ ಬರೀ ತಲೆಕೆಳಗಲ್ಲ, ಕನ್ನಡಿಯಲ್ಲಿ ಕಂಡಂತೆ. ಫೋಟೋ ತಿರುಗಿಸಿದರೆ ಎಡಬಲ ಅದಲು ಬದಲು, ಓದಲಾಗದು.

ಕೋಣೆ ಖಾಲಿ ಮಾಡಬೇಡಿ. ಬರೀ ಗೋಡೆ ಮೇಲೆ ಬಿದ್ದ ಬೆಟ್ಟಕ್ಕೂ ಪ್ರೊಜೆಕ್ಟರ್ ಪರದೆಗೂ ಏನು ವ್ಯತ್ಯಾಸ? ಮಂಚ, ಮಡಚಿಟ್ಟ ಪಂಚೆ, ಮೊಳೆಗೆ ತೂಗುಹಾಕಿದ ಚೀಲ ಹಾಗೇ ಇರಲಿ. ನನಗೆ ತುಂಬಾ ಇಷ್ಟವಾಗಿದ್ದು ಸೊಳ್ಳೆ ಪರದೆ. ಗೋಡೆಯಿಂದ ಮೂರಡಿ ಮುಂದೆ ಕಟ್ಟಿದ್ದೆ. ಬೆಟ್ಟ ಅರ್ಧ ಪರದೆಯಲ್ಲಿ ನಿಂತಿತು, ಅದರ ಕಣ್ಣುಗಳಿಂದ ತೂರಿದ್ದು ಗೋಡೆ ಮೇಲೆ ಸ್ವಲ್ಪ ದೊಡ್ಡದಾಗಿ ಮತ್ತೊಮ್ಮೆ ಮೂಡಿತು. ಸ್ಟೀಲ್ ಡಬ್ಬ, ಚೊಂಬು ಮಾತ್ರ ಕೆಲಸಕ್ಕೆ ಬರೋಲ್ಲ. ಹೊಳೆಯುತ್ತವೆ, ಚಿತ್ರ ಹಿಡಿಯೋಲ್ಲ.

ಯಾರಿಗಾದರೂ ತೋರಿಸೋದಿದ್ದರೆ ಮೊದಲು ಹತ್ತು ನಿಮಿಷ ಕತ್ತಲಲ್ಲಿ ಕೂರಿಸಿ, ಫೋನ್ ಹೊರಗಿಡಿಸಿ. ಇಲ್ಲದಿದ್ದರೆ 'ಏನೂ ಕಾಣ್ತಿಲ್ವಲ್ಲ' ಅಂತ ಎದ್ದು ಬಾಗಿಲು ತೆಗೆದುಬಿಡುತ್ತಾರೆ.