ಮೇರಿಯ ಹಾಜರಿ ಪುಸ್ತಕ: ಪೋಷಕ ಪಾತ್ರಕ್ಕೆ ಪ್ರೇಮಕಾದಂಬರಿ ಕಟ್ಟಿದ ನನ್ನ ಅನುಭವ

ಬೇರೊಬ್ಬರ ಹಳೆಯ ಕಾದಂಬರಿಯ ಪೋಷಕ ಪಾತ್ರಕ್ಕೆ ನಾಯಕಿ ಪಟ್ಟ ಕಟ್ಟಿದರೆ ಓದುವವರು ಯಾರು, ಮೂಲ ಓದದವರಿಗೆ ಅದರಲ್ಲಿ ಏನಿದೆ ಎಂದು ಬರೆಯುವ ಗೆಳೆಯರೇ ಕೇಳಿದ್ದರು. ಮೂರು ಕರಡು ಕೈಕೊಟ್ಟ ಮೇಲೆ ನನಗೂ ಅದೇ ಅನುಮಾನ. ನಾಲ್ಕನೆಯದು ನಿಂತಿತು. ಕೊನೆಯ ಕರಡನ್ನು ಹತ್ತು ಜನಕ್ಕೆ ಓದಲು ಕೊಟ್ಟೆ. ಅದರಲ್ಲಿ ಐವರು ಮೂಲ ಓದಿದವರು, ಐವರು ಅದರ ಹೆಸರನ್ನಷ್ಟೇ ಕೇಳಿದವರು. ಮೂಲ ಓದದ ಐವರೂ ಕೊನೆಯ ಪುಟ ಮುಟ್ಟಿದರು. ಓದಿದವರಲ್ಲೇ ಒಬ್ಬರು ನಡುವೆ ಬಿಟ್ಟರು.

ಆರಿಸಿಕೊಂಡದ್ದು ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟೆನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ (1813), ಅದರಲ್ಲಿ ಐವರು ಹೆಣ್ಣುಮಕ್ಕಳ ಬೆನೆಟ್ ಮನೆಯ ಮೂರನೇ ಮಗಳು ಮೇರಿ. ಎಲ್ಲರೂ ಕೈಹಾಕುವ ಪಾತ್ರ ಎಂದು ಗೊತ್ತಿದ್ದೇ ಕೈಹಾಕಿದೆ.

ಮೊದಲು ಸೋಲುಗಳ ಲೆಕ್ಕ. ಒಂದನೇ ಕರಡಿನಲ್ಲಿ ಮೂಲದ ದೃಶ್ಯಗಳನ್ನೇ ಮೇರಿಯ ಕಣ್ಣಿಂದ ಮತ್ತೆ ಹೇಳಿದೆ. ಹದಿನೆಂಟು ಅಧ್ಯಾಯದಲ್ಲಿ ಹನ್ನೊಂದು ಆಸ್ಟೆನ್‌ಳದ್ದೇ ಆದವು. ಅವಳು ಬರೆದ ದೃಶ್ಯವನ್ನು ಅವಳಿಗಿಂತ ಚೆನ್ನಾಗಿ ಬರೆಯಲು ಆಗದು, ಅಲ್ಲಿಗೆ ಹೋಗಲೇಬಾರದು. ಎರಡನೇ ಕರಡಿನಲ್ಲಿ ಮೇರಿಯನ್ನು ಚುರುಕು ಮಾತಿನ, ಯಾರಿಗೂ ಜಗ್ಗದ ಹುಡುಗಿಯಾಗಿ ಮಾಡಿದೆ. ಆಗ ಅವಳು ಮೂಲದ ನಾಯಕಿ, ತನ್ನಕ್ಕ ಎಲಿಜಬೆತ್‌ಳ ನೆರಳಾದಳು. ಪೋಷಕ ಪಾತ್ರದ ಕುಂದೇ ಅದರ ಗುರುತು. ಮೇರಿ ಉಪದೇಶ ಮಾಡಬೇಕು, ಹೊತ್ತುಗೊತ್ತಿಲ್ಲದೆ ಪಿಯಾನೊ ಮುಂದೆ ಕೂರಬೇಕು. ಅವಳ ಕುಂದನ್ನು ತಿದ್ದದೆ, ಅದನ್ನೇ ಮೆಚ್ಚುವ ಒಬ್ಬನನ್ನು ಹುಡುಕಬೇಕು. ಮೂರನೇ ಕರಡು ಮೂಲದ ನಾಯಕ ಡಾರ್ಸಿಯಿಂದ ಕೆಟ್ಟಿತು. ಅವನು ಕೋಣೆಗೆ ಬಂದರೆ ಸಾಕು, ಓದುಗರ ಕಣ್ಣು ಅವನ ಕಡೆಗೇ. ಈಗ ನನ್ನ ನಿಯಮ ಕಟ್ಟುನಿಟ್ಟು: ಮೂಲದ ನಾಯಕ ನಾಯಕಿಗೆ ಇಡೀ ಪುಸ್ತಕದಲ್ಲಿ ನಾಲ್ಕು ಪುಟ ಮೀರಬಾರದು, ಅವರ ಮಾತು ಪಕ್ಕದ ಕೋಣೆಯಿಂದ ಕೇಳಿಸಿದರೆ ಇನ್ನೂ ಒಳ್ಳೆಯದು.

ಕೆಲಸ ಕೈಗೆ ಹತ್ತಿದ್ದು ಹಾಜರಿ ಪುಸ್ತಕದಿಂದ. ಮೂಲದ 61 ಅಧ್ಯಾಯಗಳನ್ನು ಸಾಲಾಗಿ ಬರೆದು, ಮೇರಿ ಎಲ್ಲಿದ್ದಾಳೆ, ಏನು ಹೇಳಿದಳು, ಯಾರು ಅವಳ ಬಗ್ಗೆ ಏನೆಂದರು ಎಂದು ಮೂರು ಕಾಲಮಿನಲ್ಲಿ ತುಂಬಿಸಿದೆ. ಎರಡು ವಾರ ಹಿಡಿಯಿತು. 12ನೇ ಅಧ್ಯಾಯದಲ್ಲಿ ಅವಳು ಸಂಗೀತ ಶಾಸ್ತ್ರದಲ್ಲಿ ಮುಳುಗಿದ್ದಾಳೆ, ಪುಸ್ತಕಗಳಿಂದ ಬರೆದಿಟ್ಟುಕೊಂಡ ಸಾಲುಗಳನ್ನು ತೋರಿಸುತ್ತಾಳೆ. 18ರಲ್ಲಿ ನೆದರ್‌ಫೀಲ್ಡ್ ಬಂಗಲೆಯ ನೃತ್ಯಕೂಟದಲ್ಲಿ ಹಾಡಲು ಹೋಗಿ ತಂದೆಯಿಂದಲೇ ಎಲ್ಲರೆದುರು ಮುಜುಗರ. 22ರಲ್ಲಿ, ಬೆನೆಟ್ ಆಸ್ತಿಗೆ ಮುಂದಿನ ವಾರಸುದಾರನಾದ ಪಾದ್ರಿ ಕಾಲಿನ್ಸ್ ಮದುವೆಗೆ ಕೇಳಿದ್ದರೆ ಅವಳು ಒಪ್ಪುತ್ತಿದ್ದಳೇನೋ ಎಂಬ ಸುಳಿವು. ಆಮೇಲೆ 39ರವರೆಗೆ ನನ್ನ ಪಟ್ಟಿಯಲ್ಲಿ ಅವಳ ಬಾಯಿಂದ ಒಂದು ಮಾತೂ ಇಲ್ಲ. ಡಿಸೆಂಬರಿಂದ ಮೇ ತನಕದ ಐದು ತಿಂಗಳು ಅದು. ಹಿರಿಯಕ್ಕ ಜೇನ್ ಲಂಡನ್ನಿನಲ್ಲಿ, ಮಾರ್ಚಿಂದ ಎಲಿಜಬೆತ್ ಕೆಂಟ್‌ನಲ್ಲಿ. ಮನೆಯ ದೊಡ್ಡ ಮಗಳ ಜಾಗ ಈಗ ಮೇರಿಗೆ. ನನ್ನ ಕಾದಂಬರಿಯ ಮುಕ್ಕಾಲು ಪಾಲು ಈ ತೆರಪಿನಲ್ಲೇ ಕೂತಿದೆ.

ಹಾಜರಿ ಪುಸ್ತಕದ ಪಕ್ಕಕ್ಕೆ ಕ್ಯಾಲೆಂಡರ್ ಇಡಿ. ಕಾಲಿನ್ಸ್ ತನ್ನ ಪತ್ರದಲ್ಲಿ ನವೆಂಬರ್ 18, ಸೋಮವಾರ ಬರುತ್ತೇನೆ ಎನ್ನುತ್ತಾನೆ. ನೃತ್ಯಕೂಟ 26, ಮಂಗಳವಾರ. ಎರಡೂ 1811ಕ್ಕೆ ಸರಿಹೊಂದುತ್ತವೆ. ಆದರೆ ಮೇರಿಯ ಸೋದರಮಾವ ಗಾರ್ಡಿನರ್ ಪತ್ರದ ಮೇಲೆ ಆಗಸ್ಟ್ 2, ಸೋಮವಾರ ಎಂದಿದೆ, 1812ರಲ್ಲಿ ಅದು ಭಾನುವಾರ. ಈ ಒಂದು ತಾರೀಖಿನ ಹಿಂದೆ ಬಿದ್ದು ವಾರಗಟ್ಟಲೆ ಕಳೆದೆ. ಬೇಡಿತ್ತು. 1811-12 ಎಂದು ಗಟ್ಟಿಮಾಡಿ, ಆ ಪತ್ರದ ದಿನವನ್ನು ಹೇಳದೇ ದಾಟಿದೆ.

ನಾಯಕನನ್ನು ಹೊರಗಿನಿಂದ ತರಬೇಡಿ, ಮೂಲದಲ್ಲೇ ಅವನಿಗೊಂದು ಬಾಗಿಲು ಇರುತ್ತದೆ. ಆಸ್ಟೆನ್‌ಳ ಸೋದರಳಿಯ 1870ರಲ್ಲಿ ಹೊರತಂದ ನೆನಪುಗಳಲ್ಲಿ ಒಂದು ಮಾತಿದೆ: ಮೇರಿ ಮದುವೆಯಾದದ್ದು ವಕೀಲಿಕೆ ನಡೆಸುವ ಚಿಕ್ಕಪ್ಪ ಫಿಲಿಪ್ಸ್‌ನ ಗುಮಾಸ್ತನೊಬ್ಬನನ್ನು ಎಂದು ಆಸ್ಟೆನ್ ಮನೆಯವರಿಗೆ ಹೇಳುತ್ತಿದ್ದಳಂತೆ. ಇದನ್ನು ಹಿಡಿದು ಮೂಲಕ್ಕೆ ವಾಪಸ್ ಹೋದರೆ ಏಳನೇ ಅಧ್ಯಾಯದಲ್ಲಿ ಬಂಗಾರ ಸಿಕ್ಕಿತು. ಫಿಲಿಪ್ಸ್ ಕೂಡ ಒಂದು ಕಾಲಕ್ಕೆ ಗುಮಾಸ್ತನೇ. ಮೇರಿಯ ತಾಯಿ ಮಿಸೆಸ್ ಬೆನೆಟ್‌ಳ ತಂದೆಯ ವಕೀಲಿಕೆಯಲ್ಲಿ ಕೆಲಸಕ್ಕಿದ್ದು, ಮಗಳನ್ನು ಮದುವೆಯಾಗಿ, ಆ ವಕೀಲಿಕೆಯನ್ನೇ ನಡೆಸಿಕೊಂಡು ಬಂದವನು. ‘ಗುಮಾಸ್ತನಿಗೆ ಮಗಳನ್ನು ಕೊಡುವುದೇ’ ಎಂದು ತಾಯಿ ರೇಗಿದಾಗ, ಎದುರಿಗೆ ಅವಳ ಸ್ವಂತ ತಂಗಿ, ಆ ಫಿಲಿಪ್ಸ್‌ನ ಹೆಂಡತಿ, ಕೂತಿರುತ್ತಾಳೆ. ಆ ದೃಶ್ಯ ಒಂದೇ ಕೂರಿಕೆಯಲ್ಲಿ ಬಂತು. ಇಡೀ ಪುಸ್ತಕದಲ್ಲಿ ನನಗೆ ಹೆಮ್ಮೆಯಿರುವುದು ಅದರ ಬಗ್ಗೆ.

ಅಡ್ಡಿ ಯಾವುದು? ದುಡ್ಡು ಮತ್ತು ಕಾನೂನು. ‘ಅವರ ಹೆಮ್ಮೆ ಅಡ್ಡ ಬಂತು’ ಎಂಬ ಥರದ ಅಡ್ಡಿ ನೂರು ಪುಟ ತಡೆಯುವುದಿಲ್ಲ. 19ನೇ ಅಧ್ಯಾಯದಲ್ಲಿ ಕಾಲಿನ್ಸ್ ಲೆಕ್ಕ ಹೇಳಿಬಿಡುತ್ತಾನೆ: ಹೆಣ್ಣಿನ ಪಾಲಿಗೆ ಸಾವಿರ ಪೌಂಡು, ನಾಲ್ಕು ಪರ್ಸೆಂಟ್ ಬಡ್ಡಿಯದು, ಅದೂ ತಾಯಿಯ ಕಾಲಾನಂತರ. ಅಂದರೆ ವರ್ಷಕ್ಕೆ 40 ಪೌಂಡು, ಯಾವತ್ತೋ ಒಂದು ದಿನ. ವಕೀಲನಾಗಲು ಗುಮಾಸ್ತ ಐದು ವರ್ಷ ಕರಾರಿನಲ್ಲಿ ದುಡಿಯಬೇಕು. ನನ್ನವನನ್ನು ಮೂರನೇ ವರ್ಷದಲ್ಲಿ ನಿಲ್ಲಿಸಿದೆ, ಎರಡು ವರ್ಷದ ಕಾಯುವಿಕೆ ತಾನಾಗಿ ಸಿಕ್ಕಿತು. ಮೇರಿಗೆ 21 ತುಂಬಿಲ್ಲ. 1753ರ ಮದುವೆ ಕಾಯಿದೆಯ ಪ್ರಕಾರ ಲೈಸೆನ್ಸ್ ಬೇಕೆಂದರೆ ತಂದೆಯ ಒಪ್ಪಿಗೆ ಬೇಕು. ಇಲ್ಲವೆಂದರೆ ಚರ್ಚಿನಲ್ಲಿ ಮೂರು ಭಾನುವಾರ ಊರಿಗೆಲ್ಲ ಕೇಳುವಂತೆ ಸಾರಬೇಕು, ಅಲ್ಲೂ ತಂದೆ ಎದ್ದು ಬೇಡ ಎಂದರೆ ಮುಗಿಯಿತು. ಮದುವೆಯನ್ನು ತಡಮಾಡಲು ಖಳನೇ ಬೇಕಿಲ್ಲ.

ಇನ್ನು ಪತ್ರಗಳು. ನಿಶ್ಚಯವಾಗದ ಗಂಡು ಹೆಣ್ಣು ಪತ್ರ ಬರೆದುಕೊಂಡರೆ ಊರು ಅದನ್ನು ನಿಶ್ಚಿತಾರ್ಥ ಎಂದೇ ತಿಳಿಯುತ್ತಿದ್ದ ಕಾಲ. ಅಂಚೆ ಹಣ ಕೊಡಬೇಕಾದ್ದು ಪತ್ರ ಪಡೆದವರು, ಹಾಳೆ ಮತ್ತು ದೂರದ ಲೆಕ್ಕದಲ್ಲಿ. ಇದು ಬದಲಾದದ್ದು 1840ರಲ್ಲಿ. ಲಂಡನ್ನಿನಿಂದ ಗುಟ್ಟಾಗಿ ಬಂದ ಪತ್ರಕ್ಕೆ ದುಡ್ಡು ಕೊಡುವವರು ಮನೆಯ ಯಜಮಾನರು. ಗುಟ್ಟು ಉಳಿಯುವುದೆಲ್ಲಿ? ಹಾಗಾಗಿ ಪತ್ರ ಬಿಟ್ಟು ಸಂಗೀತದ ಪ್ರತಿಗಳಿಗೆ ಬಂದೆ. ಅಚ್ಚಾದ ಸಂಗೀತ ದುಬಾರಿ, ಹೆಣ್ಣುಮಕ್ಕಳು ಎರವಲು ತಂದು ಕೈಯಲ್ಲೇ ನಕಲು ಮಾಡಿಕೊಳ್ಳುತ್ತಿದ್ದರು. ಗುಮಾಸ್ತನ ಕೆಲಸವೂ ದಿನವಿಡೀ ನಕಲು ಬರೆಯುವುದೇ. ಇಬ್ಬರು ನಕಲುಗಾರರ ಪ್ರೇಮ ಎಂದು ಹೊಳೆದ ದಿನ ಪುಸ್ತಕ ಅರ್ಧ ಮುಗಿದಂತಾಯಿತು.

ಅವನು ಬಾಯಿಬಿಡುವ ದೃಶ್ಯ ಮೂರನೇ ಕರಡಿನಲ್ಲಿ ಹೀಗಿತ್ತು: ‘ನಾನು ನಿಮ್ಮನ್ನು ಪ್ರೀತಿಸುತ್ತೇನೆ, ಮಿಸ್ ಮೇರಿ, ಎಂದು ಅವನು ತಲೆತಗ್ಗಿಸಿ ಹೇಳಿದನು.’ ಜೀವವಿಲ್ಲ. ನಾಲ್ಕನೆಯದರಲ್ಲಿ:

‘ಇಲ್ಲೊಂದು ಸ್ವರ ತಪ್ಪು ಬರೆದಿದ್ದೀರಿ.’

‘ತಪ್ಪಿಲ್ಲ. ನೀವು ಪ್ರತಿ ಸಲ ಹಾಗೇ ನುಡಿಸುತ್ತೀರಿ. ಕೇಳಿದ್ದನ್ನೇ ಬರೆದೆ.’

ಮೇರಿ ಹಾಳೆಯನ್ನು ಮಡಚಲಿಲ್ಲ, ವಾಪಸ್ಸೂ ಕೊಡಲಿಲ್ಲ.

ಕನ್ನಡದಲ್ಲಿ ಬರೆಯುವವರ ಕೈಯಲ್ಲಿ ಇಂಗ್ಲಿಷ್‌ನವರಿಗಿಲ್ಲದ ಒಂದು ಆಯುಧವಿದೆ, ನೀವು ಮತ್ತು ನೀನು. ಆ ಕಾಲದ ಗಂಡಹೆಂಡಿರೇ ‘ಮಿಸ್ಟರ್ ಬೆನೆಟ್’, ‘ಮಿಸೆಸ್ ಬೆನೆಟ್’ ಎಂದು ಕರೆದುಕೊಳ್ಳುತ್ತಿದ್ದರು, ಆದ್ದರಿಂದ ನನ್ನ ಜೋಡಿಗೆ 26 ಅಧ್ಯಾಯ ಪೂರ್ತಿ ‘ನೀವು’. 27ರಲ್ಲಿ ಒಂದೇ ಸಲ ‘ಬಿಡು, ನಾನು ಬರೀತೀನಿ’ ಎಂದು ಒಬ್ಬರ ಬಾಯಿ ಜಾರುತ್ತದೆ. ಓದಿದ ಹತ್ತರಲ್ಲಿ ಏಳು ಮಂದಿ ಆ ಸಾಲಿಗೇ ಗೆರೆ ಎಳೆದಿದ್ದರು. ಯಾರ ಬಾಯಿಂದ ಮೊದಲು ಜಾರಬೇಕು ಎಂದು ನಿರ್ಧರಿಸಲು ನನ್ನದೊಂದು ಲೆಕ್ಕವಿದೆ, ಮುಂದಿನ ಪುಸ್ತಕಕ್ಕೂ ಅದು ಬೇಕು, ಈಗ ಹೇಳಲಾರೆ. ಅಕ್ಕತಂಗಿಯರಲ್ಲಿ ‘ಜೇನ್ ಅಕ್ಕ’ ಎಂದು ಬರೆದು ನೋಡಿದೆ, ಬೆನೆಟ್ ಮನೆಯಿರುವ ಹರ್ಟ್‌ಫರ್ಡ್‌ಶೈರ್ ಮಾಯವಾಗಿ ಪಕ್ಕದ ಬೀದಿ ಬಂತು. ಬರೀ ‘ಜೇನ್’, ಜೊತೆಗೆ ‘ನೀನು’ ಸಾಕು. ತಂದೆಗೆ ‘ಅಪ್ಪಾ, ನೀವು’. ಮನೆಗೆಲಸದ ಹಿಲ್‌ಗೆ ಯಜಮಾನಿಯ ‘ನೀನು’, ಹಿಲ್‌ನಿಂದ ಎಲ್ಲರಿಗೂ ‘ನೀವು’.

ನಡುವೆ ಎರಡು ಪಕ್ಕದ ಪ್ರಯೋಗ ಮಾಡಿದೆ. ಮೂಲದಲ್ಲಿ ಡಾರ್ಸಿಯ ಸೋದರಸಂಬಂಧಿ ಆ್ಯನ್ ಡಿ ಬರ್ಗ್‌ಗೆ ಮಾತೇ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಎಲ್ಲಿ ಬೇಕಾದರೂ ಒಯ್ಯಬಹುದೆಂದು ಹೊರಟೆ. ನಲವತ್ತು ಪುಟಕ್ಕೆ ಸುಸ್ತು. ತೀರಾ ಖಾಲಿ ಪಾತ್ರದಲ್ಲಿ ತಿರುಗಿ ಎಳೆಯುವ ದಾರವಿರುವುದಿಲ್ಲ, ಹತ್ತು ಹನ್ನೆರಡು ಹಾಜರಿಯಾದರೂ ಬೇಕು. ಡಾರ್ಸಿಯ ಇನ್ನೊಬ್ಬ ಸೋದರಸಂಬಂಧಿ ಕರ್ನಲ್ ಫಿಟ್ಸ್‌ವಿಲಿಯಂ ಅದಕ್ಕೆ ತದ್ವಿರುದ್ಧ. ಕಿರಿಯ ಮಗ, ಆಸ್ತಿಯಿಲ್ಲ, ದುಡ್ಡು ನೋಡದೆ ಮದುವೆಯಾಗಲು ಆಗದು ಎಂದು ಅವನೇ ಎಲಿಜಬೆತ್‌ಗೆ ಹೇಳಿದ್ದಾನೆ. ಅವನದೊಂದು ನೀಳ್ಗತೆ ಮೂರು ವಾರದಲ್ಲಿ ಮುಗಿಯಿತು.

ಹಾಕಿದ ದುಡ್ಡಿನಲ್ಲಿ ಸುಮಾರು ಮೂರನೇ ಒಂದು ಪಾಲು ಮೊದಲ ಮುಖಪುಟಕ್ಕೆ ನೀರಾಯಿತು. ಚಿತ್ರದಲ್ಲಿದ್ದದ್ದು ಪಂಜರದಂತೆ ಉಬ್ಬಿದ ಲಂಗ. ಅದು 1850ರ ದಶಕದ್ದು, 1811ರ ಉಡುಪಿನಲ್ಲಿ ಸೊಂಟದ ಪಟ್ಟಿ ಎದೆಯ ಕೆಳಗೇ ಇರುತ್ತಿತ್ತು, ಲಂಗ ನೇರವಾಗಿ ಇಳಿಯುತ್ತಿತ್ತು. ನಾನು ನೋಡಿಯೂ ಒಪ್ಪಿದ್ದೆ. ಮತ್ತೆ ಬರೆಸಬೇಕಾಯಿತು. ಈಗ ಕಲಾವಿದರಿಗೆ ವರ್ಷ ಹೇಳುವುದರ ಜೊತೆಗೆ ಆ ಕಾಲದ ಎರಡು ಮೂರು ಉಡುಪಿನ ಚಿತ್ರಗಳನ್ನೂ ಕೊಡುತ್ತೇನೆ. ದುಡ್ಡು ಸಾರ್ಥಕವಾದದ್ದು ಎರಡನೇ ಸಲದ ಕರಡು ತಿದ್ದುವಿಕೆಗೆ.

ಹಕ್ಕಿನ ವಿಷಯ ಒಂದೆರಡು ಮಾತು. ಆಸ್ಟೆನ್ ತೀರಿಕೊಂಡದ್ದು 1817ರಲ್ಲಿ, ಮೂಲಕ್ಕೆ ತೊಡಕಿಲ್ಲ. ಆದರೆ ಕನ್ನಡ ಅನುವಾದದ ಸಾಲು ಅನುವಾದಕರದು, ಇಂಗ್ಲಿಷ್ ಮೂಲವನ್ನೇ ಮುಂದಿಟ್ಟುಕೊಳ್ಳಿ. ತೆರೆಯ ಮೇಲಿನ ದೃಶ್ಯಗಳ ಬಗ್ಗೆ ಇನ್ನೂ ಹುಷಾರು. ಡಾರ್ಸಿ ಕೊಳಕ್ಕೆ ಧುಮುಕುವುದು 1995ರ ಟಿವಿ ಧಾರಾವಾಹಿಯ ಸೇರ್ಪಡೆ, ಆಸ್ಟೆನ್‌ಳಲ್ಲಿ ಇಲ್ಲ. ನನ್ನ ಎರಡನೇ ಕರಡಿನಲ್ಲಿ ಒದ್ದೆ ಅಂಗಿಯ ಡಾರ್ಸಿ ಗೊತ್ತಿಲ್ಲದೇ ನುಸುಳಿದ್ದ, ಹಿಡಿದುಕೊಟ್ಟದ್ದು ಹಾಜರಿ ಪುಸ್ತಕವೇ.

ಈಗ ಮೇರಿಯ ತಂಗಿ ಕಿಟ್ಟಿಯ ಪಟ್ಟಿ ಶುರುಮಾಡಿದ್ದೇನೆ. ಇಪ್ಪತ್ತೊಂದನೇ ಅಧ್ಯಾಯದ ತನಕ ಬಂದಿದೆ, ಅವಳ ಕೆಮ್ಮಿಗೇ ಒಂದು ಬೇರೆ ಕಾಲಮ್ ಹಾಕಿದ್ದೇನೆ.