ಫಾಗ್ ಲ್ಯಾಂಪ್ ಮಂಕಾಗಿದ್ದಕ್ಕೆ ಕಾರಣ ಒಂದು ಬೋಲ್ಟು

ಕಾರಿಗೆ ಎರಡು ಹ್ಯಾಲೊಜೆನ್ ಫಾಗ್ ಲ್ಯಾಂಪ್ ಹಾಕಿಸಿದ್ದೆ. ಒಂದೊಂದೂ 55 ವ್ಯಾಟ್. ಮೊದಮೊದಲು ಚೆನ್ನಾಗಿಯೇ ಉರಿದವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೆಳಕು ಹಳದಿಯಾಗಿ ಮಂಕಾಯಿತು. ಗಾಡಿ ಕುಲುಕಿದರೆ ಸಾಕು, ಮಿಣುಕುತ್ತಿದ್ದವು.

ಬಲ್ಬು ಬದಲಿಸಿದೆ, ರಿಲೇ ಬದಲಿಸಿದೆ. ಏನೂ ಉಪಯೋಗವಾಗಲಿಲ್ಲ. ಬಲ್ಬು ಬಿಚ್ಚಿ ಹೋಲ್ಡರಿಗೆ ಮಲ್ಟಿಮೀಟರ್ ಹಿಡಿದರೆ 12.5 ವೋಲ್ಟ್ ಬರುತ್ತಿತ್ತು. ಹಾಗಾದರೆ ವೈರಿಂಗ್ ಸರಿಯಾಗಿದೆ ಅಂದುಕೊಂಡೆ. ನಾನು ಎಡವಿದ್ದು ಅಲ್ಲೇ.

ಬಲ್ಬು ಬಿಚ್ಚಿದಾಗ ವೈರಿನಲ್ಲಿ ಕರೆಂಟು ಹರಿಯುವುದೇ ಇಲ್ಲ. ಕರೆಂಟು ಹರಿಯದಿದ್ದರೆ ಕೆಟ್ಟ ಜಾಯಿಂಟಿನಲ್ಲೂ ವೋಲ್ಟೇಜ್ ಬೀಳುವುದಿಲ್ಲ. ಒಂದೇ ಎಳೆ ಉಳಿದಿರುವ ವೈರು ಕೂಡ ಮೀಟರಿಗೆ 12.5 ತೋರಿಸುತ್ತದೆ. ಎರಡು ಲ್ಯಾಂಪ್ ಸೇರಿ 9 ಆಂಪಿಯರ್ ಎಳೆಯತೊಡಗಿದಾಗಲೇ ಅದರ ಬಣ್ಣ ಬಯಲಾಗುವುದು.

ಬಲ್ಬು ಮತ್ತೆ ಹಾಕಿ, ಲ್ಯಾಂಪ್ ಉರಿಯುತ್ತಿರುವಾಗಲೇ ಅಳೆದೆ. ಬ್ಯಾಟರಿ ಪಾಸಿಟಿವ್‌ನಿಂದ ಲ್ಯಾಂಪಿನ ಪಾಸಿಟಿವ್‌ಗೆ 0.3 ವೋಲ್ಟ್. ಪರವಾಗಿಲ್ಲ. ಲ್ಯಾಂಪಿನ ನೆಗೆಟಿವ್‌ನಿಂದ ಬ್ಯಾಟರಿ ನೆಗೆಟಿವ್‌ಗೆ 1.9! ಅರ್ಥ್, ಅಂದರೆ ಕಾರಿನ ಬಾಡಿ ಮೂಲಕ ಕರೆಂಟು ಬ್ಯಾಟರಿ ನೆಗೆಟಿವ್‌ಗೆ ಮರಳುವ ದಾರಿ, ಸರಿಯಿದ್ದರೆ ಇಲ್ಲಿ 0.1, ಹೆಚ್ಚೆಂದರೆ 0.2 ಇರಬೇಕು. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ಮಂಕಾಗದೆ ಇನ್ನೇನಾದೀತು, ಅಲ್ವಾ?

ಎರಡೂ ಲ್ಯಾಂಪಿನ ಅರ್ಥ್ ವೈರುಗಳನ್ನು ಬಂಪರ್ ಹಿಂದಿನ ಒಂದೇ ಬೋಲ್ಟಿಗೆ ಸೇರಿಸಿದ್ದರು. ಬಿಚ್ಚಿ ನೋಡಿದೆ. ರಿಂಗ್ ಟರ್ಮಿನಲ್ (ವೈರಿನ ತುದಿಯ ಲೋಹದ ಉಂಗುರ) ಕೂತ ಜಾಗದಲ್ಲಿ ಬಾಡಿ ಪೇಂಟ್ ಹಾಗೇ ಇತ್ತು. ಇಷ್ಟು ದಿನ ಕರೆಂಟು ದಾಟುತ್ತಿದ್ದದ್ದು ಬೋಲ್ಟಿನ ಮರೆಗಳ (ಥ್ರೆಡ್) ಮೂಲಕ ಮಾತ್ರ. ಮರೆಗಳಿಗೂ ತುಕ್ಕು ಹಿಡಿದಿತ್ತು. ಟರ್ಮಿನಲ್ ಪಕ್ಕದ ವೈರಿನ ಸಿಪ್ಪೆ ಬಿಸಿಗೆ ಗಟ್ಟಿಯಾಗಿ, ಬೆರಳಲ್ಲಿ ಬಗ್ಗಿಸಿದರೆ ಚಟ್ ಅಂತ ಬಿರುಕು ಬಿಟ್ಟಿತು.

ಲೋಹ ಹೊಳೆಯುವವರೆಗೆ ಉಪ್ಪು ಕಾಗದದಲ್ಲಿ ಉಜ್ಜಿದೆ. ಕೆಟ್ಟ ತುಂಡು ಕತ್ತರಿಸಿ ಹೊಸ ಟರ್ಮಿನಲ್ ಕ್ರಿಂಪ್ ಮಾಡಿ (ವೈರಿನ ಮೇಲೆ ಅಮುಕಿ ಹಿಡಿಸಿ), ಬಿಗಿಯಾಗಿ ಕೂರಿಸಿ, ನೀರು ಇಳಿಯದಂತೆ ಮೇಲೆ ಗ್ರೀಸ್ ಸವರಿದೆ. ಮತ್ತೆ ಅಳೆದರೆ 0.08. ಗೋಡೆಯ ಮೇಲೆ ಬಿದ್ದ ಬೆಳಕು ಬೆಳ್ಳಗಿತ್ತು.

ಕಾರಿನ ಡ್ಯಾಶ್‌ಕ್ಯಾಮ್ (ರಸ್ತೆ ರೆಕಾರ್ಡ್ ಮಾಡುವ ಕ್ಯಾಮೆರಾ) ತಂದ ತೊಂದರೆ ಇದಕ್ಕೆ ಉಲ್ಟಾ. ಅಲ್ಲಿ ಎಲ್ಲ ಆಫ್ ಇದ್ದಾಗ ಅಳೆಯಬೇಕಿತ್ತು. ನಾಲ್ಕು ದಿನ ನಿಂತ ಕಾರು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಚಾರ್ಜ್ ಮಾಡಿ, ನೆಗೆಟಿವ್ ಕೇಬಲ್ ಬಿಚ್ಚಿ, ಮಧ್ಯೆ ಮೀಟರನ್ನು 10 ಆಂಪಿಯರ್‌ಗೆ ಇಟ್ಟು ಸೇರಿಸಿದೆ. ಕಾರು ಲಾಕ್ ಮಾಡಿ ಅರ್ಧ ಗಂಟೆ ಕಾದೆ. ಒಳಗಿನ ಎಲೆಕ್ಟ್ರಾನಿಕ್ ಯೂನಿಟ್‌ಗಳು ಮಲಗಲು ಅಷ್ಟು ಹೊತ್ತು ಬೇಕು. ಆಮೇಲೂ 0.29 ಆಂಪಿಯರ್. ಸಾಮಾನ್ಯವಾಗಿ 0.05ಕ್ಕಿಂತ ಕಡಿಮೆ ಇರಬೇಕು. ದಿನಕ್ಕೆ ಸುಮಾರು 7 ಆಂಪಿಯರ್-ಅವರ್ ಖಾಲಿ. 35 ಆಂಪಿಯರ್-ಅವರ್ ಬ್ಯಾಟರಿ ನಾಲ್ಕು ದಿನದಲ್ಲಿ ಸುಸ್ತಾಗದೆ ಇರುತ್ತದೆಯೇ!

ಫ್ಯೂಸುಗಳನ್ನು ಒಂದೊಂದಾಗಿ ಕಿತ್ತೆ. ಡ್ಯಾಶ್‌ಕ್ಯಾಮಿಗೆ ಕರೆಂಟು ತೆಗೆದುಕೊಂಡಿದ್ದ ಫ್ಯೂಸ್ ಕಿತ್ತಾಗ 0.03ಕ್ಕೆ ಇಳಿಯಿತು. ಅದು ಯಾವಾಗಲೂ ಕರೆಂಟು ಇರುವ ಫ್ಯೂಸ್. ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಇನ್ನೊಂದಕ್ಕೆ ಬದಲಿಸಿದೆ.

ಮೀಟರ್ ಹೀಗೆ ಸೇರಿಸಿದ್ದಾಗ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಕೆಲಸ ಮುಗಿದ ಕೂಡಲೇ ಕೆಂಪು ಪಿನ್ನನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಆಂಪಿಯರ್ ತೂತಿನಲ್ಲೇ ಮರೆತು ಬ್ಯಾಟರಿಗೆ ಹಿಡಿದರೆ ನೇರ ಶಾರ್ಟ್.